ಆರು ಮೂರ್ಲಿ ಹದಿನೆಂಟು

ಎಲ್ಲ ಎಡವಟ್ಟಿಗೂ ಕಾರಣ ಒಂದು ಖಾಲಿ ಚೌಕ.

ವಾಚನಾಲಯದ ಗುಮಾಸ್ತ ವರ್ಷದ ವರದಿ ತುಂಬುವಾಗ ‘ನಿತ್ಯ ಓದುಗರ ಸಂಖ್ಯೆ’ ಎಂಬ ಚೌಕದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಸುಳ್ಳು ಬರೆಯುವ ಜಾಯಮಾನ ಅವನದಲ್ಲ. ಬೆರಳು ಮಡಿಚಿ ಎಣಿಸಿದ. ದರ್ಜಿ, ಕ್ಷೌರಿಕ, ಗಡಿಯಾರ ರಿಪೇರಿಯವನು, ನಿವೃತ್ತ ಪೋಸ್ಟ್‌ಮ್ಯಾನು, ಸ್ವಂತ ಅಕ್ಕ, ಆಮೇಲೆ ತಾನು. ಆರು ಜನ. ಆದರೆ ಆರೂ ಜನ ಬೆಳಿಗ್ಗೆ ಬರುತ್ತಾರೆ, ಮಧ್ಯಾಹ್ನ ಬರುತ್ತಾರೆ, ಸಂಜೆಯೂ ಬರುತ್ತಾರೆ. ಆರು ಮೂರ್ಲಿ ಹದಿನೆಂಟು. ಕಣ್ಣು ಕಾಣದ ಅಜ್ಜಿಯೊಬ್ಬಳು ಸಂಜೆ ಮಾತ್ರ ಬಂದು, ಗುಮಾಸ್ತ ರಾಗವಾಗಿ ಓದುವ ಹಳೆಯ ಪದ್ಯ ಕೇಳಿ ಹೋಗುತ್ತಾಳೆ. ಅವಳು ಒಂದು. ತನ್ನ ಸ್ಟುಡಿಯೋದ ಜಾಹೀರಾತು ಪೇಪರಿನಲ್ಲಿ ಬಂದಿದೆಯೇ ಎಂದು ದಿನಕ್ಕೊಮ್ಮೆ ಇಣುಕುವ ಹೆಂಡತಿಯ ತಮ್ಮ ಇನ್ನೊಂದು. ಗುಮಾಸ್ತ ಗೋಡೆಯ ದೇವರ ಪಟದ ಕಡೆ ತಿರುಗಿ ಕೈ ಮುಗಿದು ‘ಇಪ್ಪತ್ತು’ ಎಂದು ಬರೆದಿದ್ದ.

ಇವತ್ತು ಬೆಳಿಗ್ಗೆ ಅದಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬಂತು. ‘ಇಪ್ಪತ್ತಕ್ಕೆ ಒಬ್ಬರು ಕಡಿಮೆಯಾದರೂ ವಾಚನಾಲಯವನ್ನು ಮುಚ್ಚತಕ್ಕದ್ದು. ಮೂವರು ಸದಸ್ಯರ ಸಮಿತಿ ಇಂದು ನಾಲ್ಕು ಗಂಟೆಗೆ ಬರಲಿದೆ. ಎಲ್ಲ ಓದುಗರ ಫೋಟೋ ಸಿದ್ಧವಿರಲಿ.’

ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. ವಾಚನಾಲಯ ಮುಚ್ಚಿದರೆ ಕೆಲಸ ಹೋಯಿತು. ಮಹಡಿಯ ಮೇಲಿನ ಎರಡು ಕೋಣೆಯ ವಾಸವೂ ಹೋಯಿತು. ಅಜ್ಜಿಯ ಸಂಜೆಯೂ ಹೋಯಿತು. ಅರ್ಧಕ್ಕೆ ನಿಲ್ಲಿಸಿದ ಪದ್ಯದಲ್ಲಿ ರಾಜಕುಮಾರ ಇನ್ನೂ ಕಾಡಿನಲ್ಲೇ ಇದ್ದ.

“ಬೀದೀಲಿ ಹೋಗೋರನ್ನ ಕರ್ಕೊಂಡು ಬಾರೋ,” ಎಂದಳು ಅಕ್ಕ.

“ಮೂರು ಜನ ಸಾಹೇಬ್ರು ಬರ್ತಾರಕ್ಕ. ಒಬ್ಬೊಬ್ಬರನ್ನೂ ಏನು ಓದಿದೀರಿ ಅಂತ ಕೇಳಿದ್ರೆ?”

ಅಷ್ಟು ಹೊತ್ತಿಗೆ ಸ್ಟುಡಿಯೋದ ಭಾವಮೈದುನ ಪೇಪರಿಗಾಗಿ ಬಂದ. ವಿಷಯ ಕೇಳಿ ಮುಖವನ್ನು ಹಬ್ಬದ ಮನೆ ಮಾಡಿಕೊಂಡ. “ಅಷ್ಟೇನಾ ಭಾವ? ನಮ್ಮಪ್ಪನ ಕಾಲದ ಸುತ್ತೋ ಕ್ಯಾಮೆರಾ ಅಟ್ಟದ ಮೇಲಿದೆ. ಕೀಲಿ ಕೊಟ್ರೆ ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ತಾನೇ ತಿರುಗುತ್ತೆ. ಪೂರ್ತಿ ತಿರುಗೋಕೆ ಒಂದು ನಿಮಿಷ. ಅದರ ಕಣ್ಣು ಸೂಜಿ ಸಂದಿನಷ್ಟು. ಎದುರಿಗೆ ಇದ್ದದ್ದು ಮಾತ್ರ ಅದಕ್ಕೆ ಕಾಣೋದು.”

“ಅದಕ್ಕೆ?”

“ನೀವು ಆರು ಜನ ಮೊದಲು ಎಡಗಡೆ ನಿಲ್ಲಿ. ಕಣ್ಣು ನಿಮ್ಮನ್ನ ದಾಟಿದ ತಕ್ಷಣ ಕ್ಯಾಮೆರಾ ಹಿಂದಿನಿಂದ ಓಡಿ ಬಂದು ಮಧ್ಯೆ ನಿಲ್ಲಿ. ಅಲ್ಲಿ ದಾಟಿದ ಮೇಲೆ ಮತ್ತೆ ಓಡಿ ಬಲಗಡೆ ನಿಲ್ಲಿ. ಅಜ್ಜೀನ ಇವತ್ತು ಬೇಗ ಕರೆಸಿ ಮಧ್ಯೆ ಕುರ್ಚೀಲಿ ಕೂರ್ಸಿ. ಕೊನೇ ಗಳಿಗೇಲಿ ನಾನೂ ತುದೀಲಿ ಬಂದು ನಿಲ್ತೀನಿ. ಇಪ್ಪತ್ತು ಸರಿಯಾಗುತ್ತೆ. ಫೋಟೋ ಮೂರಕ್ಕೇ ತೆಗೆದ್ಬಿಡೋಣ. ಸಮಿತಿ ಬಂದಾಗ ಉಳಿದೋರೆಲ್ಲ ಕೆಲಸಕ್ಕೆ ಹೋದ್ರು ಅಂದ್ರಾಯ್ತು.”

“ಮೋಸ ಅಲ್ವೇನಯ್ಯಾ?”

“ದಿನಕ್ಕೆ ಮೂರು ಸಲ ಬರೋರು ಫೋಟೋದಲ್ಲಿ ಮೂರು ಸಲ ಬಂದ್ರೆ ಮೋಸ ಏನು ಬಂತು ಭಾವ?”

ಗುಮಾಸ್ತನ ಮನಸ್ಸಾಕ್ಷಿ ಬಡಪಾಯಿ. ಇಷ್ಟು ಸಮಾಧಾನ ಸಿಕ್ಕಿದ್ದೇ ಮೂಲೆ ಹಿಡಿದು ಕೂತಿತು.

ಎರಡೂವರೆಗೆ ಅಂಗಳದಲ್ಲಿ ವಾಚನಾಲಯದ ಹನ್ನೆರಡೂ ಕುರ್ಚಿಗಳು ಬಿಲ್ಲಿನಂತೆ ಬಾಗಿ ನಿಂತವು. ದರ್ಜಿ ಗಿರಾಕಿಗಳ ಕೋಟುಗಳನ್ನು ಹೊತ್ತು ತಂದ. ಒಂದಕ್ಕೆ ಗುಂಡಿಯಿಲ್ಲ, ಇನ್ನೊಂದಕ್ಕೆ ಬಲದೋಳೇ ಇಲ್ಲ.

“ತೋಳಿಲ್ಲದ್ದು ಗುಮಾಸ್ತ್ರಿಗಿರಲಿ,” ಎಂದ ಕ್ಷೌರಿಕ, “ಬರೆಯೋ ಕೈಗೆ ಗಾಳಿ ಆಡ್ಲಿ.”

“ನೀನು ಸುಮ್ನಿರಪ್ಪ. ಮೂರು ಸಲವೂ ಅದೇ ಮೀಸೆ ಹೊತ್ಕೊಂಡು ನಿಂತ್ರೆ ಊರೆಲ್ಲ ನಿನ್ನ ಗುರ್ತು ಹಿಡಿಯುತ್ತೆ. ಬೋಳಿಸ್ಕೋ,” ಎಂದಳು ಅಕ್ಕ.

“ಅಕ್ಕಾ, ಪ್ರಾಣ ಕೇಳಿ, ಕೊಡ್ತೀನಿ.”

ಕೊನೆಗೆ ಎರಡನೇ ಸಲ ಮೀಸೆಯ ಮೇಲೆ ಕೈಯಿಟ್ಟು ಕೆಮ್ಮುವವನಂತೆ ನಿಲ್ಲುವುದು ಎಂದು ತೀರ್ಮಾನವಾಯಿತು. ಭಾವಮೈದುನ ಕೀಲಿಗೆ ಕೈ ಹಾಕಿದ. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ತಲೆಗೆ ಹ್ಯಾಟು, ಕಂಕುಳಲ್ಲಿ ಫೈಲು, ಕಾಲಲ್ಲಿ ಭಾರಿ ಬೂಟು. ಸಾಹೇಬರು! ಒಬ್ಬರೇ, ಒಂದು ಗಂಟೆ ಮುಂಚೆ!

ಗುಮಾಸ್ತ ಓಡಿಹೋಗಿ ಕೈ ಮುಗಿದ.

“ಫೋಟೋನಾ? ಒಳ್ಳೇದಾಯ್ತು. ಸಮಿತಿಯೂ ಅದರಲ್ಲಿ ಇರಬೇಕು. ಇಲ್ಲದಿದ್ರೆ ನಾವು ಬಂದದ್ದಕ್ಕೆ ಸಾಕ್ಷಿ ಏನು?” ಎನ್ನುತ್ತ ಸಾಹೇಬರು ಎಡತುದಿಯ ಕುರ್ಚಿಯಲ್ಲಿ ಕೂತರು. ಸುತ್ತ ನೋಡಿದರು. “ಓದುಗರು ಇಷ್ಟೇನಾ?”

“ಬರ್ತಾರೆ ಸಾರ್,” ಎಂದ ಭಾವಮೈದುನ, “ಫೋಟೋ ಹೊತ್ತಿಗೆ ಎಲ್ಲಾ ಬರ್ತಾರೆ.”

ಗುಮಾಸ್ತ ಕೇಳಿದ. “ಸಮಿತಿಯ ಇನ್ನಿಬ್ಬರು, ಸಾರ್?”

ಸಾಹೇಬರು ಕ್ಯಾಮೆರಾವನ್ನು ದಿಟ್ಟಿಸಿ ನೋಡಿದರು. ಅದರ ಕೀಲಿಯನ್ನು ನೋಡಿದರು. ದರ್ಜಿಯ ಕೋಟುಗಳ ರಾಶಿಯನ್ನೂ ನೋಡಿದರು. “ಅವರೂ ಬರ್ತಾರೆ,” ಎಂದರು.

ಇನ್ನು ನಿಲ್ಲಿಸುವಂತಿರಲಿಲ್ಲ. ಭಾವಮೈದುನ ಕೀಲಿ ಕೊಟ್ಟದ್ದೇ ಕ್ಯಾಮೆರಾ ಗುರ್ರ್ ಎನ್ನುತ್ತ ತಿರುಗತೊಡಗಿತು.

ಆರು ಜನ ಸಾಹೇಬರ ಪಕ್ಕ ನೆಟ್ಟಗೆ ನಿಂತರು. ಕಣ್ಣು ದಾಟಿತು. ಓಟ! ಆರು ಜನವೂ ಕ್ಯಾಮೆರಾದ ಬೆನ್ನ ಹಿಂದಿನಿಂದ, ಕೋಟಿಗೆ ತೋಳು ತೂರಿಸುತ್ತ, ಟೊಪ್ಪಿಗೆ ಬದಲಿಸುತ್ತ, ಒಬ್ಬರ ಶಾಲು ಇನ್ನೊಬ್ಬರು ಕಿತ್ತುಕೊಳ್ಳುತ್ತ ಓಡಿದರು. ಆಗ ಹಿಂದಿನಿಂದ ಕೇಳಿಸಿತು ಧಡ್ ಧಡ್ ಧಡ್. ಬೂಟಿನ ಸದ್ದು.

ಸಾಹೇಬರು ಅಟ್ಟಿಸಿಕೊಂಡು ಬರುತ್ತಿದ್ದಾರೆ!

ಮಧ್ಯದಲ್ಲಿ ಅಜ್ಜಿಯ ಪಕ್ಕ ನಿಂತು ಗುಮಾಸ್ತ ಕಲ್ಲಾದ. ಕುತ್ತಿಗೆ ತಿರುಗಿಸುವಂತಿಲ್ಲ. ಕಿವಿಯ ಹತ್ತಿರ ಯಾರೋ ತಿದಿ ಊದಿದಂತೆ ಏದುಸಿರು ಬಿಡುತ್ತಿದ್ದರು. ಈಗ ಕೊರಳಪಟ್ಟಿ ಹಿಡಿಯುತ್ತಾರೆ. ಈಗ. ಈಗ. ಕ್ಯಾಮೆರಾದ ಕಣ್ಣು ಆಮೆಯಂತೆ ಬಂತು, ನೋಡಿತು, ಹೋಯಿತು.

“ಅಬ್ಬಬ್ಬಾ,” ಎಂದಳು ಅಜ್ಜಿ, ಮುಖ ಅಲುಗಿಸದೆ, “ಇವತ್ತು ಏನು ಜನ, ಏನು ಜನ!”

ಮತ್ತೆ ಓಟ. ಪೋಸ್ಟ್‌ಮ್ಯಾನು ಎಲ್ಲರಿಗಿಂತ ಮುಂದಿದ್ದ. ಗಡಿಯಾರದವನು ದರ್ಜಿಯ ಕಾಲಿಗೆ ತೊಡರಿದ. ಅಕ್ಕ ಅವನನ್ನು ಮೂಟೆಯಂತೆ ಎತ್ತಿ ನಿಲ್ಲಿಸಿ ತಳ್ಳಿದಳು. ಧಡ್ ಧಡ್ ಧಡ್ ಮತ್ತೆ ಬೆನ್ನಿಗೇ ಬಂತು. ಗುಮಾಸ್ತ ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತ ಬಲತುದಿಯಲ್ಲಿ ನಿಂತ. ಭಾವಮೈದುನ ಒಂದೇ ಜಿಗಿತಕ್ಕೆ ಪಕ್ಕಕ್ಕೆ ಬಂದ. ಕೀಲಿ ಮುಗಿದು ಕ್ಯಾಮೆರಾ ಟಕ್ ಎಂದಿತು.

ತಿರುಗಿ ನೋಡಿದರೆ ಸಾಹೇಬರು ಬೆವರೊರೆಸಿಕೊಳ್ಳುತ್ತ ನಿಂತಿದ್ದರು. ಬೈಯಲಿಲ್ಲ. “ಒಂದು ಗಂಟೇಲಿ ಪ್ರಿಂಟು ಬೇಕು,” ಎಂದಷ್ಟೇ ಹೇಳಿ ಒಳಗೆ ಹೋಗಿ ಫೈಲು ಬಿಚ್ಚಿದರು. 

ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ತಟ್ಟೆಯ ಮದ್ದಿನ ನೀರಿನಲ್ಲಿ ಉದ್ದನೆಯ ಕಾಗದ ತೇಲುತ್ತಿತ್ತು. ಮೊದಲು ಕುರ್ಚಿಗಳು ಮೂಡಿದವು. ಆಮೇಲೆ ಅಕ್ಕ, ಮತ್ತೆ ಅಕ್ಕ, ಮತ್ತೂ ಅಕ್ಕ. ಮೀಸೆ, ಕೆಮ್ಮು, ಮೀಸೆ.

“ಭಾವ,” ಎಂದ ಭಾವಮೈದುನ, ದನಿ ಇಳಿಸಿ, “ಇಲ್ನೋಡಿ.”

ಎಡತುದಿಯಲ್ಲಿ ಹ್ಯಾಟಿನ ಸಾಹೇಬರು. ಅಜ್ಜಿಯ ಬಲಕ್ಕೆ ಹ್ಯಾಟಿಲ್ಲದ ಬೋಳುತಲೆಯ ಸಾಹೇಬರು. ಬಲತುದಿಯಲ್ಲಿ ಕಪ್ಪು ಕನ್ನಡಕ, ದರ್ಜಿಯ ಗುಂಡಿಯಿಲ್ಲದ ಕೋಟು, ಅದೇ ಸಾಹೇಬರು.

“ಅಟ್ಟಿಸ್ಕೊಂಡು ಬಂದದ್ದಲ್ಲ ಭಾವ! ಜೊತೇಲೇ ಓಡಿದ್ದು! ಇನ್ನಿಬ್ಬರು ಬರಲೇ ಇಲ್ಲ. ಬಂದ ಹಾಗೆ ತೋರಿಸ್ಬೇಕಿತ್ತು.”

ಗುಮಾಸ್ತ ಬೆಳಗಿನಿಂದ ಮೊದಲ ಬಾರಿಗೆ ನಕ್ಕ. ಇನ್ನು ಭಯವೇನು? ಅವರ ಗುಟ್ಟು ನಮ್ಮಲ್ಲಿ, ನಮ್ಮ ಗುಟ್ಟು ಅವರಲ್ಲಿ. ಒದ್ದೆ ಫೋಟೋವನ್ನು ಮಗುವಿನಂತೆ ಎತ್ತಿಕೊಂಡು ವಾಚನಾಲಯಕ್ಕೆ ಓಡಿದ.

ಸಾಹೇಬರು ಫೋಟೋವನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಎಣಿಸಿದರು. “ಓದುಗರು ಇಪ್ಪತ್ತು. ಸಮಿತಿ ಮೂರು. ಎಲ್ಲಾ ಸರಿಯಾಗಿದೆ.” ವರದಿಯ ಕೊನೆಗೆ ನೀಲಿ ಶಾಯಿಯಲ್ಲಿ ಒಂದು ಸಹಿ, ಕಪ್ಪು ಶಾಯಿಯಲ್ಲಿ ಇನ್ನೊಂದು, ಎಡಗೈಯಿಂದ ಮತ್ತೊಂದು ಹಾಕಿ ಪ್ರತಿಯನ್ನು ಗುಮಾಸ್ತನ ಕಡೆ ಸರಿಸಿದರು.

ಗುಮಾಸ್ತ ಓದಿದ. ‘ಮುಂದುವರಿಸಲು: ಒಬ್ಬರು. ಮುಚ್ಚಲು: ಇಬ್ಬರು.’

“ಸಾರ್, ಇದು…”

“ನಾನು ನಿಮ್ಮ ಪರವೇ,” ಎಂದರು ಸಾಹೇಬರು ತುಂಬ ಮರುಕದಿಂದ. “ಎಷ್ಟು ಹೇಳಿದೆ! ಇನ್ನಿಬ್ಬರು ಒಪ್ಪಲಿಲ್ಲ. ಇಪ್ಪತ್ತು ಜನ ಓದುಗರು, ಫೋಟೋದಲ್ಲಿ ಕುರ್ಚಿ ನೋಡಿದ್ರೆ ಹನ್ನೆರಡು. ಇಷ್ಟು ಜನ ಈ ಗೂಡಿನಲ್ಲಿ ಹೇಗೆ ಕೂರ್ತಾರೆ ಅಂತ ಅವರ ವಾದ. ದೊಡ್ಡ ಕಟ್ಟಡ ಇರೋ ಪಕ್ಕದೂರಿಗೆ ಎಲ್ಲರನ್ನೂ ಕಳಿಸಿ ಅಂದ್ರು.”

“ಮೂವರೂ ಬೇಕು ಅಂತಲೇ ಬರೀಬಹುದಿತ್ತಲ್ಲ ಸಾರ್?”

“ಛೆ ಛೆ. ಮೂವರೂ ಒಂದೇ ಮಾತು ಹೇಳಿದ್ರೆ ಮೇಲಿನೋರಿಗೆ ಅನುಮಾನ ಬರಲ್ವೇನ್ರೀ?”

ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಹೇಳ್ಬಿಡ್ಲೇನೋ?” ಎಂದು ಹಲ್ಲು ಕಡಿಯುತ್ತ ತಮ್ಮನ ಕಿವಿಯಲ್ಲಿ ಕೇಳಿದಳು. ಗುಮಾಸ್ತ ಮೇಜಿನ ಮೇಲಿನ ಫೋಟೋ ನೋಡಿದ. ಅಲ್ಲಿ ಮೂವರು ಗುಮಾಸ್ತರು ಅವನನ್ನೇ ನೋಡುತ್ತಿದ್ದರು, ಒಬ್ಬನಿಗೆ ಬಲದೋಳಿಲ್ಲ. ಸಾಹೇಬರು ಒಬ್ಬರೇ ಎಂದರೆ ತಾವೂ ಆರೇ. ಬೇಡ ಎನ್ನುವಂತೆ ತಲೆಯಾಡಿಸಿದ.

ಕೊನೆಯ ಆಸೆಯಿಂದ ಕೈ ಮುಗಿದ. “ಆ ಇನ್ನಿಬ್ಬರನ್ನ ನಾನೇ ಒಂದು ಮಾತು ಕೇಳಿಕೊಳ್ಳಲಾ ಸಾರ್?”

ಸಾಹೇಬರು ಹ್ಯಾಟು ಹಾಕಿಕೊಂಡರು. “ಅವರು ಆಗಲೇ ಹೊರಟ್ರಲ್ಲ,” ಎಂದು ಮೆಟ್ಟಿಲಿಳಿದರು.

ಸಂಜೆಯ ಹೊತ್ತಾಗಿತ್ತು. ಅಜ್ಜಿ ಎಂದಿನ ಜಾಗದಲ್ಲಿ ಕೂತು, ತಲೆ ಓರೆಮಾಡಿ, ದೂರವಾಗುವ ಬೂಟಿನ ಸದ್ದನ್ನೇ ಆಲಿಸುತ್ತಿದ್ದಳು.

“ಮೂವರೂ ಹೊರಟರು ಅನ್ನು,” ಎಂದಳು. “ಆಹಾ, ಏನು ಒಗ್ಗಟ್ಟಪ್ಪಾ! ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಮ್ಮಿಯಿಲ್ಲ. ಸರಿ, ಪುಸ್ತಕ ತೆಗಿ. ಇರೋ ಹೊತ್ತಲ್ಲಿ ಆ ಹುಡುಗನ್ನಾದರೂ ಕಾಡಿನಿಂದ ಹೊರಗೆ ತಾ.”