ಉದ್ದಕ್ಕ ಕೊಯ್ದುಬಿಡ್ರಿ!

ನನ್ನ ಸೋದರಮಾವನ ಹೊಟ್ಟೆಯಿಂದ ಕಿಡ್ನಿ ತೆಗೆಯಬಹುದು, ಬಾಯಿಂದ ಒಂದು ಒಳ್ಳೆಯ ಮಾತು ತೆಗೆಯಲಾಗದು! ಕಾಚಿಗೂಡದ ಹಾಲಿನವನಿಂದ ಹಿಡಿದು ಸಿಕಂದರಾಬಾದಿನ ಟಿಕೆಟ್ ಕೌಂಟರಿನವರೆಗೆ ಅವರು ಜಗಳವಾಡದ ಜಾಗವಿಲ್ಲ. ನನ್ನ ಅವ್ವನ ಎರಡೂ ಕಿಡ್ನಿ ಕೆಟ್ಟಾಗ "ನಂದೊಂದು ತಗೋರಿ" ಅಂದದ್ದೂ ಬೈಗುಳದ ದನಿಯಲ್ಲೇ! ತಪಾಸಣೆಗೆಂದು ನರ್ಸ್ ರಕ್ತ ತೆಗೆಯುವಾಗ, "ಏನವ್ವಾ, ಕೊಡ ತುಂಬಸಾಕತ್ತೀಯೇನು?" ಎಂದು ರೇಗಿದರು. ಆಕೆಗೆ ಕನ್ನಡ ಬಾರದ್ದು ನಮ್ಮ ಪುಣ್ಯ.

ನಿಜವಾದ ರಾದ್ಧಾಂತ ನಡೆದದ್ದು ಸರ್ಜನ್ ಎದುರು. ಆಕೆ ಹಿಂದಿಯಲ್ಲಿ ತಾಳ್ಮೆಯಿಂದ ವಿವರಿಸಿದರು: ಕೀಹೋಲ್ ವಿಧಾನವಾದರೆ ಮೂರ್ನಾಲ್ಕು ಸಣ್ಣ ತೂತು, ಕಿಡ್ನಿ ಹೊರತೆಗೆಯಲು ಕಿಬ್ಬೊಟ್ಟೆಯಲ್ಲೊಂದು ಚಿಕ್ಕ ಗಾಯ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ತೆರೆದ ಶಸ್ತ್ರಚಿಕಿತ್ಸೆಯಾದರೆ ಪಕ್ಕೆಯಲ್ಲಿ ಉದ್ದನೆಯ ಗಾಯ, ಸುಧಾರಿಸಿಕೊಳ್ಳಲು ಇನ್ನಷ್ಟು ವಾರ.

"ಕೀಲಿ ತೂತಿನಾಗ ಇಣುಕೋದು ಕಳ್ಳರ ಕೆಲಸ! ನನಗ ಉದ್ದಕ್ಕ ಕೊಯ್ದುಬಿಡ್ರಿ! ಹೇಳಲೇ ಆಕಿಗೆ!" ಎಂದು ಮಾಮಾ ನನ್ನ ಮೇಲೆ ಹಾರಿದರು.

ನನಗೆ ಮೈಯೆಲ್ಲ ಉರಿಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಅವ್ವ ಹಣ್ಣಾಗಿದ್ದಾಳೆ. ಈ ಮನುಷ್ಯನಿಗೆ ಈಗಲೂ ಹಟವೇ? ಹೊರಗೆ ಎಳೆದೊಯ್ದು ಕೂಗಾಡಿದೆ.

"ಮಾಮಾ, ಎಲ್ಲಾದರಾಗೂ ನಿಮ್ಮದ ನಡೀಬೇಕೇನು? ಕೊಡೋ ಮನಸ್ಸಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ!"

ಮೊದಲ ಬಾರಿಗೆ ಅವರು ತಿರುಗಿ ಬೈಯಲಿಲ್ಲ. ಗೋಡೆ ನೋಡುತ್ತ ಮೆಲ್ಲಗೆ ಅಂದರು: "ಸಣ್ಣ ತೂತಿನಾಗಿಂದ ಜಗ್ಗುವಾಗ ಅಕ್ಕನ ಕಿಡ್ನಿಗೆ ಪೆಟ್ಟಾದ್ರ? ನನ್ನ ಹೊಟ್ಟಿ ಹ್ಯಾಂಗರ ಹರೀಲಿ ಬಿಡು."

ಅಕ್ಕನ ಕಿಡ್ನಿ! ಅದಿನ್ನೂ ಇವರ ಹೊಟ್ಟೆಯಲ್ಲೇ ಇತ್ತು. ಅವರ ತೋಳು ಹಿಡಿದು ಮತ್ತೆ ಸರ್ಜನ್ ಬಳಿ ಕರೆದೊಯ್ದೆ.

ಎರಡೂ ವಿಧಾನದಲ್ಲಿ ತೆಗೆದ ಕಿಡ್ನಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಒಳಗೆ ತೊಡಕಾದರೆ ಮಾತ್ರ ದೊಡ್ಡದಾಗಿ ತೆರೆಯುತ್ತೇವೆ ಎಂದು ಸರ್ಜನ್ ಚಿತ್ರ ಬರೆದು ತೋರಿಸಿದರು. ಮಾಮಾ ಆ ಚಿತ್ರದಲ್ಲೂ ಎರಡು ತಪ್ಪು ಹುಡುಕಿ, ಆಮೇಲೆ ಕೀಹೋಲಿಗೆ ಸಹಿ ಹಾಕಿದರು.

ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ಅವರು ತಮ್ಮ ಗಾಯದ ಸುದ್ದಿಯನ್ನೇ ಎತ್ತಲಿಲ್ಲ.

"ಅಕ್ಕಗ ಉಚ್ಚಿ ಬಂತೇನು?"

"ಬಂತ್ರಿ ಮಾಮಾ. ಕಿಡ್ನಿ ಕೆಲಸ ಶುರು ಮಾಡೈತಿ, ಚೀಲ ತುಂಬಾಕತ್ತೈತಿ."

ಅವರು ಮುಖ ಆಚೆ ತಿರುಗಿಸಿದರು. ಭುಜ ಅಲುಗುತ್ತಿತ್ತು.

"ಅಳಬ್ಯಾಡ್ರಿ, ಹೊಲಿಗಿ ನೋಯತಾವ."

"ಯಾರಲೇ ಅಳಾಕತ್ತಾರ?" ಎಂದು ಗದರಿದರು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.