ರೈಲಿಲ್ಲದ ಊರಿನಿಂದ ಒಂದು ರೈಲು ಪಾಸ್

ಕೆಲವರಿಗೆ ಹೆದರಲು ಕಾರಣ ಬೇಕಾಗುತ್ತದೆ. ನನಗೆ ರಜೆ ಸಿಕ್ಕರೆ ಸಾಕು. ಮಸ್ಕತ್ತಿಗೆ ಬಂದ ಮೇಲೆ ನಾನು ಬೆವರಿದ ಸಂದರ್ಭಗಳನ್ನೆಲ್ಲ ನೆನೆದರೆ, ಅವುಗಳಲ್ಲಿ ಬಿಸಿಲಿನ ಪಾಲು ಕಡಿಮೆ. ಸುಖಪಡಲು ಹೊರಟದ್ದೇ ಹೆಚ್ಚು. ಇತ್ತೀಚಿನ ಹೆದರಿಕೆಗಳೆಲ್ಲ ರೈಲಿಗೆ ಸಂಬಂಧಿಸಿದವು. ನಾವಿರುವ ದೇಶದಲ್ಲಿ ಜನ ಹತ್ತುವ ರೈಲೇ ಇಲ್ಲ ಎಂಬುದನ್ನು ನೋಡಿದರೆ ಇದನ್ನು ಒಂದು ಸಾಧನೆಯೆಂದೇ ಹೇಳಬೇಕು.

೧. ಪರ್ಮಿಶನ್

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರ ರಜೆ ನಮ್ಮದಲ್ಲ, ಊರಿನವರದ್ದು. ಯಾರದ್ದೋ ಮದುವೆ, ಯಾರದ್ದೋ ಗೃಹಪ್ರವೇಶ, ಕುಟುಂಬದ ಮನೆಯ ದೈವದ ಕೋಲ. ನಾವು ವಿಮಾನ ಇಳಿಯುವ ಮೊದಲೇ ನಮ್ಮ ದಿನಗಳನ್ನು ಹಂಚಿ ಆಗಿರುತ್ತದೆ.

ಈ ವರ್ಷ ಹೆಂಡತಿ ತಿರುಗಿಬಿದ್ದಳು. "ಒಂದು ವಾರ ಯುರೋಪ್. ನೀವು, ನಾನು, ಮಗಳು. ಊರಿಗೆ ಮುಂದಿನ ವರ್ಷ," ಅಂದಳು. ಊರಿಗೆ ಫೋನ್ ಮಾಡಿ ಹೇಳಿದವಳೂ ಅವಳೇ. ಆ ಕಡೆಯಿಂದ ಮನೆಯ ಹಿರಿಯರು, "ಆಯ್ತು, ಹೋಗಿ ಬನ್ನಿ," ಎಂದರು. ಹೋದಲ್ಲಿ ಏನಾದರೂ ಎಡವಟ್ಟಾದರೆ ಇನ್ನು ಎಲ್ಲ ಮದುವೆಗಳ ಊಟದ ಪಂಕ್ತಿಯಲ್ಲೂ ಅದೇ ಮಾತು ಎಂಬುದು ಆ ದನಿಯಲ್ಲಿ ಸ್ಪಷ್ಟವಾಗಿತ್ತು.

ಹೆಂಡತಿ ಫೋನ್ ಇಟ್ಟು ನನ್ನತ್ತ ತಿರುಗಿದಳು. "ಇದು ಸರಿಯಾಗಿ ನಡೀಬೇಕು ಮಾರಾಯ್ರೆ. ಇಲ್ಲದಿದ್ರೆ ನನಗೆ ಈ ಜನ್ಮದಲ್ಲಿ ಇನ್ನೊಂದು ರಜೆ ಇಲ್ಲ."

ಹೀಗೆ ನಾವು ಮಸ್ಕತ್ತಿನ ಖುರುಮ್ ಬಡಾವಣೆಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕುಳಿತೆವು. ಅಲ್ಲಿನ ಯುವಕ ಮಂಗಳೂರಿನವನು, ಬಹಳ ವಿನಯವಂತ. ಎರಡು ದಾರಿ ಇದೆ ಎಂದ. ಒಂದೊಂದು ಪ್ರಯಾಣಕ್ಕೂ ಈಗಲೇ ಟಿಕೆಟ್ ಮಾಡಿಸುವುದು, ಇಲ್ಲವೇ ರೈಲು ಪಾಸ್ ತೆಗೆದುಕೊಳ್ಳುವುದು.

"ಪಾಸ್ ಇದ್ರೆ ನೀವು ಫ್ರೀ ಸಾರ್. ಕೆಲವು ರೈಲಿಗೆ ಮಾತ್ರ ಸೀಟು ಬುಕ್ ಮಾಡ್ಬೇಕು. ಉಳಿದದ್ದು ಯಾವಾಗ ಬೇಕಾದ್ರೂ, ಯಾವುದು ಬೇಕಾದ್ರೂ ಹತ್ತಬಹುದು."

ಕಫೀಲ್ ಎಂಬ ಧಣಿಯ ಒಪ್ಪಿಗೆ, ವೀಸಾ, ರೆಸಿಡೆಂಟ್ ಕಾರ್ಡ್ ಎಂದು ಇಷ್ಟು ವರ್ಷ ಬದುಕಿದವನಿಗೆ 'ಎಲ್ಲಿಗೆ ಬೇಕಾದರೂ ಹೋಗು' ಎಂದು ಯಾರೂ ಹೇಳಿರಲಿಲ್ಲ.

"ಹತ್ತಬಹುದು ಅಂದ್ರೆ, ಯಾರ ಪರ್ಮಿಶನ್ ಬೇಕು?" ಎಂದು ಕೇಳಿದೆ.

"ಯಾರದ್ದೂ ಬೇಡ ಸಾರ್. ನಿಮ್ಮದೇ."

"ನನ್ನದು ಸಾಕಾ?"

ಹೆಂಡತಿ ಪಕ್ಕದಿಂದ, "ಸಾಕಾಗುದಿಲ್ಲ. ನನ್ನದು ಕೂಡ ಬೇಕು," ಎಂದಳು.

೨. ಮಲಗಿದ ಪಾಸ್

ಅಲ್ ಖೌದ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ ಪರದೆ ಅಂಗಡಿ ಇಟ್ಟಿರುವ ಬ್ಯಾರಿ ಹಿರಿಯರೊಬ್ಬರಿದ್ದಾರೆ. ಪುತ್ತೂರು ಕಡೆಯವರು. ಇಡೀ ಕಟ್ಟಡಕ್ಕೆ ಅವರು ಕಾಕಾ. ಬಟ್ಟೆಯ ವ್ಯಾಪಾರಕ್ಕೆಂದು ಒಮ್ಮೆ ಯುರೋಪಿಗೆ ಹೋಗಿಬಂದವರಾದ್ದರಿಂದ ಆ ಖಂಡದ ಬಗ್ಗೆ ನಮ್ಮ ಬೀದಿಯಲ್ಲಿ ಅವರದ್ದೇ ಕೊನೆಯ ಮಾತು.

"ಪಾಸಾ?" ಎಂದು ಕಾಕಾ ಕೈಯಲ್ಲಿದ್ದ ಅಳತೆಯ ಟೇಪನ್ನು ಕೆಳಗಿಟ್ಟರು. "ಬೇಡ ಮಾರಾಯ್ರೆ. ನನ್ನತ್ರ ಇತ್ತು ಪಾಸ್. ರೈಲಲ್ಲಿ ಟಿ.ಸಿ. ಬಂದ. ತೋರಿಸಿದೆ. ಇದು ಮಲಗಿ ಉಂಟು ಅಂದ."

"ಮಲಗಿ ಉಂಟಾ?"

"ಹೌದು. ಪಾಸ್ ತಗೊಂಡ್ರೆ ಆಗ್ಲಿಲ್ಲ. ಫೋನಿನಲ್ಲಿ ಅದನ್ನು ಎಬ್ಬಿಸ್ಬೇಕು. ಮತ್ತೆ ಇವತ್ತು ಈ ರೈಲಲ್ಲಿ ಹೋಗ್ತೇನೆ ಅಂತ ಹತ್ತುವ ಮೊದಲೇ ಅದಕ್ಕೆ ಹೇಳ್ಬೇಕು. ನಾನು ಹೇಳಿರ್ಲಿಲ್ಲ."

"ಫೈನ್ ಹಾಕಿದ್ರಾ?"

"ಹಾಕಿದ್ರು. ಡಬ್ಬಿ ತುಂಬ ಜನ, ಎಲ್ರೂ ನನ್ನನ್ನೇ ನೋಡುದು. ಮತ್ತೆ ಇಳಿಯುವವರೆಗೆ ನಿಂತೇ ಬಂದೆ."

"ಛೆ. ಸೀಟು ಇರ್ಲಿಲ್ವಾ ಕಾಕಾ?"

"ಸೀಟು ಇತ್ತು," ಎಂದರು ಕಾಕಾ. "ಮರ್ಯಾದೆ ಇರ್ಲಿಲ್ಲ."

೩. ರೈಲಿನ ಹಿಂಭಾಗ

ಪಾಸ್ ಬೇಡವೆಂದಾದರೆ ಟಿಕೆಟ್. ಅದರ ಅನುಭವವಿದ್ದದ್ದು ನಿಜ್ವಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಗೆಳೆಯನಿಗೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಇಂಥ ವಿಷಯ ಮುಖ ನೋಡಿ ಕೇಳಬೇಕೆಂದು ಶನಿವಾರ ಮೂವರೂ ಕಾರಿನಲ್ಲಿ ಹೋದೆವು.

ಗೆಳೆಯ ಎಲ್ಲ ರೈಲುಗಳ ಟಿಕೆಟನ್ನೂ ತಿಂಗಳುಗಳ ಮೊದಲೇ ಮಾಡಿಸಿದ್ದನಂತೆ. ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ, ಅದರಿಂದ ಇಳಿದು ಮತ್ತೊಂದಕ್ಕೆ. ಅದೂ ಅಗ್ಗದ ಟಿಕೆಟ್. ಬರೆದ ರೈಲಿಗೆ ಬಿಟ್ಟು ಬೇರೆ ಯಾವುದಕ್ಕೂ ನಡೆಯುವುದಿಲ್ಲ.

"ಒಳ್ಳೆ ವ್ಯವಸ್ಥೆಯಲ್ಲವಾ?" ಎಂದೆ, ಆಸೆಯಿಂದ.

"ತುಂಬ ಒಳ್ಳೆಯದು. ನಮ್ಮ ವಿಮಾನ ಲೇಟಾಯಿತು. ಮೊದಲನೆಯ ರೈಲು ತಪ್ಪಿತು. ಅದು ತಪ್ಪಿದ್ದರಿಂದ ಎರಡನೆಯದ್ದು. ಮತ್ತೆ ಎಲ್ಲ ರೈಲುಗಳೂ ನಮ್ಮನ್ನು ಬಿಟ್ಟು ಹೋದವು. ಒಂದು ಮಾತ್ರ ಹೇಳಬೇಕು, ಸರಿಯಾದ ಸಮಯಕ್ಕೇ ಹೋದವು."

ಅವನ ಹೆಂಡತಿ ಖರ್ಜೂರದ ತಟ್ಟೆ ತಂದಿಟ್ಟು, ಶಾಂತವಾಗಿ, "ಎಲ್ಲರೂ ಯುರೋಪಿನಲ್ಲಿ ಬೆಟ್ಟ ನೋಡ್ತಾರೆ, ಚರ್ಚು ನೋಡ್ತಾರೆ. ನಾವು ರೈಲಿನ ಹಿಂಭಾಗ ನೋಡಿ ಬಂದೆವು," ಎಂದರು.

ಹಿಂದಿರುಗುವಾಗ ಕಾರಿನಲ್ಲಿ ಲೆಕ್ಕ ಹಾಕಿದೆ. ಪಾಸ್ ತೆಗೆದುಕೊಂಡರೆ ಕಾಕಾನ ಗತಿ, ಟಿಕೆಟ್ ತೆಗೆದುಕೊಂಡರೆ ಗೆಳೆಯನ ಗತಿ. ಮೂರನೆಯ ದಾರಿಯೆಂದು ನಾನು, "ಅಲ್ಲಿ ಒಂದು ಕಾರು ಬಾಡಿಗೆಗೆ ತೆಗೆದುಕೊಂಡರೆ ಹೇಗೆ? ಇಲ್ಲಿಯ ಹಾಗೆ ಬಲಗಡೆಯೇ ಓಡಿಸುವುದಲ್ಲವಾ?" ಎಂದೆ.

ಹಿಂದಿನ ಸೀಟಿನಲ್ಲಿದ್ದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಅವಳು ಹಾಗೆ ಮಾಡುವುದು ಅಪರೂಪ. "ಅಪ್ಪಾ, ಆರ್ ವೀ ಗೋಯಿಂಗ್ ಆನ್ ವೆಕೇಶನ್, ಆರ್ ಎಸ್ಕೇಪಿಂಗ್?"

೪. ಅಭ್ಯಾಸ

ಕೊನೆಗೆ ತೀರ್ಮಾನ ಮಾಡಿದವಳು ಹೆಂಡತಿ. "ಪಾಸ್ ತಗೊಳ್ಳುವ. ರೈಲು ತಪ್ಪಿದ್ರೆ ಮುಂದಿನದ್ದು ಉಂಟು. ನಿಮ್ಮ ಜೊತೆ ಹೋಗುವವರಿಗೆ ಅದೇ ಆಗ್ಬೇಕು," ಎಂದಳು. ಒಂದು ವಾರದಲ್ಲಿ ನಾಲ್ಕು ದೊಡ್ಡ ಪ್ರಯಾಣ ಇರುವುದರಿಂದ ಲೆಕ್ಕಕ್ಕೂ ಪಾಸೇ ಸರಿ ಎಂದು ಟ್ರಾವೆಲ್ಸ್ ಯುವಕನೂ ಒಪ್ಪಿದ. ನಾವು ಹೊರಡುವಾಗ ಅವನು ಉಪಕಾರಕ್ಕೆಂದು ಒಂದು ಮಾತು ಸೇರಿಸಿದ: "ಕೆಲವು ಸ್ಟೇಶನ್‌ನಲ್ಲಿ ರೈಲು ನಿಲ್ಲುದು ಎರಡೇ ನಿಮಿಷ ಸಾರ್."

ಆ ರಾತ್ರಿಯಿಂದ ನನಗೆ ಊಟ ಸೇರಲಿಲ್ಲ. ನನ್ನ ಮಗಳು ಹುಟ್ಟಿದಾಗಿನಿಂದ ವಿಮಾನ ಮತ್ತು ಕಾರು ಬಿಟ್ಟು ಏನನ್ನೂ ಹತ್ತಿದವಳಲ್ಲ. ಎರಡು ನಿಮಿಷದಲ್ಲಿ ಮೂರು ಜನ, ಮೂರು ಸೂಟ್‌ಕೇಸ್. ಅಭ್ಯಾಸವಿಲ್ಲದೆ ಸಾಧ್ಯವೇ ಇಲ್ಲ.

ಕಾಕಾ ಪರದೆ ಸಾಗಿಸುವ ತಮ್ಮ ವ್ಯಾನನ್ನು ರೈಲಾಗಿ ಕೊಡಲು ಒಪ್ಪಿದರು. ಶುಕ್ರವಾರ ಬೆಳಗ್ಗೆ ಕಟ್ಟಡದ ಮುಂದೆ ಸೂಟ್‌ಕೇಸ್ ಸಮೇತ ಸಾಲಾಗಿ ನಿಂತೆವು. ಖಾಲಿ ಸೂಟ್‌ಕೇಸಿನಲ್ಲಿ ಅಭ್ಯಾಸ ಮಾಡಿದರೆ ಮೋಸವಾಗುತ್ತದೆಂದು ಕುಚ್ಚಲಕ್ಕಿ ತುಂಬಿಸಿದ್ದೆ.

ವ್ಯಾನ್ ಬಂತು, ನಿಂತಿತು. ನಾನು ಸೂಟ್‌ಕೇಸುಗಳನ್ನು ಎಸೆದು ಹತ್ತಿದೆ. ಮಗಳು ಹತ್ತಿದಳು. ಹೆಂಡತಿ ಡ್ರೈವರನ ಕಿಟಕಿಯ ಹತ್ತಿರ ಹೋಗಿ, ಕಾಕಾನ ಮನೆಯವರ ಮಂಡಿನೋವು ಹೇಗಿದೆಯೆಂದು ವಿಚಾರಿಸುತ್ತಿದ್ದಳು.

"ರೈಲಿನ ಡ್ರೈವರ್ ಹತ್ರ ಮಾತಾಡ್ಲಿಕ್ಕಿಲ್ಲ ಅಕ್ಕಾ. ಯಲ್ಲಾ, ಹೊರಡುವ!" ಎಂದು ಕಾಕಾ ಹೊರಟೇಬಿಟ್ಟರು. ಹೀಗೆ ನಾಲ್ಕೈದು ಸಲ ಆಯಿತು. ಒಂದು ಸಲ ನಾನೇ ಕೆಳಗುಳಿದು ವ್ಯಾನಿನ ಹಿಂದೆ ಮಸೀದಿಯವರೆಗೆ ಓಡಿದೆ.

ಗಲ್ಫಿನಲ್ಲಿ ರಜೆಯ ಬೆಳಗ್ಗೆ ಒಂದು ಸಂಸಾರ ಗಾಬರಿಯಿಂದ ಸೂಟ್‌ಕೇಸುಗಳನ್ನು ವ್ಯಾನಿಗೆ ಎಸೆಯುತ್ತಿದ್ದರೆ ನೋಡುವವರಿಗೆ ಒಂದೇ ಅರ್ಥ: ಕೆಲಸ ಹೋಗಿದೆ, ಮನೆ ಸಾಮಾನು ಅಗ್ಗಕ್ಕೆ ಮಾರಿ ಊರಿಗೆ ಹೊರಟಿದ್ದಾರೆ. ಸಂಜೆಯೊಳಗೆ ಫೋನುಗಳು ಬರತೊಡಗಿದವು. ನಮ್ಮೂರಿನವರೇ ಆದ ಒಬ್ಬ ಹಿರಿಯರು ಮೆಲ್ಲನೆ, "ಕಂಪನಿಯಲ್ಲಿ ಕೆಲಸ ಖಲಾಸ್ ಅಂತೆ? ಕೇಳಿ ತುಂಬ ಬೇಜಾರಾಯ್ತು. ದೇವರು ದೊಡ್ಡವನು, ಊರಲ್ಲಿ ಏನಾದ್ರೂ ದಾರಿ ಆಗ್ತದೆ," ಎಂದರು.

ಅಂಥದ್ದೇನೂ ಇಲ್ಲ, ರೈಲು ಹತ್ತುವ ಅಭ್ಯಾಸ ಮಾಡುತ್ತಿದ್ದೆವು ಎಂದೆ. ಆಘಾತದಿಂದ ನನ್ನ ತಲೆ ಕೆಟ್ಟಿದೆಯೆಂದು ಅವರು ತಿಳಿದಿರಬೇಕು. ಮತ್ತೆ ಇನ್ನೂ ಮೆಲ್ಲನೆ ಕೇಳಿದರು:

"ಅಲ್ಲ, ನಿಮ್ಮ ವಾಷಿಂಗ್ ಮೆಷಿನ್ ಮೇಲಿನಿಂದ ಬಟ್ಟೆ ಹಾಕುದಾ, ಮುಂದಿನಿಂದಲಾ?"

೫. ಟಿ.ಸಿ.

ಕೊನೆಗೂ ಯುರೋಪಿಗೆ ಹೋದೆವು. ಮೂವರ ಪಾಸನ್ನೂ ನನ್ನ ಫೋನಿನಲ್ಲೇ ಇಟ್ಟುಕೊಂಡಿದ್ದೆ. ಬೇರೆಯವರ ಕೈಗೆ ಕೊಟ್ಟರೆ ಕಳೆಯಬಹುದೆಂಬ ಭಯ. ಪ್ರತಿ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಪಾಸುಗಳನ್ನು ಎಬ್ಬಿಸಿ, ಇವತ್ತು ಯಾವ ರೈಲು ಎಂದು ಅವಕ್ಕೆ ಹೇಳುತ್ತಿದ್ದೆ.

ರೈಲು ಹತ್ತಿ ಕುಳಿತ ಮೇಲೆ ಹೆಂಡತಿ, ಮಗಳು ಕಿಟಕಿಯಾಚೆ ಹಿಮದ ಬೆಟ್ಟಗಳನ್ನು ನೋಡುತ್ತಿದ್ದರು. ನಾನು ಟಿ.ಸಿ. ಬರುವ ಬಾಗಿಲನ್ನು ನೋಡುತ್ತಿದ್ದೆ. ಯುರೋಪಿನ ರೈಲು ಬಾಗಿಲುಗಳ ಬಗ್ಗೆ ಈಗ ನಾನು ಅಧಿಕಾರದಿಂದ ಮಾತಾಡಬಲ್ಲೆ.

ಮೊದಲ ಪ್ರಯಾಣದಲ್ಲಿ ಟಿ.ಸಿ. ಬರಲಿಲ್ಲ. ಎರಡನೆಯದರಲ್ಲೂ ಬರಲಿಲ್ಲ. ಮೂರನೆಯದೂ ಹಾಗೆಯೇ ಮುಗಿಯಿತು. ಬಂದರೆ ಏನಾಗುತ್ತದೋ ಎಂದು ಹೆದರುತ್ತಿದ್ದವನಿಗೆ ಈಗ ಬರದೇ ಇರುವುದೇ ದೊಡ್ಡ ಹೆದರಿಕೆಯಾಯಿತು. ಪಾಸ್ ನಿಜವಾಗಿ ಎದ್ದಿದೆಯೋ ಇಲ್ಲವೋ ಯಾರೂ ನೋಡಿ ಹೇಳಿಲ್ಲ. ಇಷ್ಟು ದೂರ ಬಂದದ್ದು ಪಾಸಿನ ಬಲದಿಂದಲೋ ಊರಿನ ದೈವದ ಬಲದಿಂದಲೋ ಗೊತ್ತಿಲ್ಲ.

"ಬರದಿದ್ರೆ ಒಳ್ಳೆಯದೇ ಅಲ್ವಾ? ಆ ಕೆರೆ ನೋಡಿ, ಎಷ್ಟು ಚಂದ ಉಂಟು," ಎಂದಳು ಹೆಂಡತಿ.

ನಾಲ್ಕನೆಯ ಪ್ರಯಾಣದಲ್ಲಿ ರೈಲು ಒಂದು ಜಂಕ್ಷನ್ನಿನಲ್ಲಿ ನಿಂತಿತು. ಕಿಟಕಿಯಿಂದ ನೋಡುತ್ತೇನೆ, ಸಮವಸ್ತ್ರದ ಒಬ್ಬ ಟಿ.ಸಿ. ರೈಲಿನ ಹಿಂಭಾಗದ ಡಬ್ಬಿ ಹತ್ತುತ್ತಿದ್ದಾರೆ. ನನ್ನ ಸಹನೆ ತೀರಿತ್ತು. "ಈಗ ಬಂದೆ, ಅವರಿಗೆ ತೋರಿಸಿಯೇ ಬರ್ತೇನೆ," ಎಂದು ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಓಡಿ, ಆ ಡಬ್ಬಿ ಹತ್ತಿ, ಏದುಸಿರು ಬಿಡುತ್ತಾ ಫೋನನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಯಂತ್ರ ತಾಗಿಸಿದರು. ಪೀಂಕ್ ಎಂದಿತು. "ಸರಿಯಾಗಿದೆ," ಎಂದರು.

ಊರಿನವರ ದನಿ ಕೇಳಿದಂದಿನಿಂದ ಎದೆಯ ಮೇಲೆ ಕುಳಿತಿದ್ದ ಭಾರ ಆ ಒಂದು ಸದ್ದಿಗೆ ಇಳಿಯಿತು. "ನನ್ನ ಹೆಂಡತಿ, ಮಗಳ ಪಾಸೂ ಇದರಲ್ಲೇ ಇದೆ. ಅದನ್ನೂ ನೋಡಿ," ಎಂದೆ.

"ಅವರೆಲ್ಲಿದ್ದಾರೆ?"

"ಮುಂದಿನ ಡಬ್ಬಿಯಲ್ಲಿ."

ಅವರು ಕಿಟಕಿಯ ಕಡೆ ನೋಡಿದರು. ನಾನೂ ನೋಡಿದೆ. ರೈಲಿನ ಮುಂದಿನ ಅರ್ಧ ಸದ್ದಿಲ್ಲದೆ ಹೊರಟು ಹೋಗುತ್ತಿತ್ತು. ನಾನು ಅದೇ ರೈಲಿನಲ್ಲಿದ್ದೆ, ಆದರೆ ಹೋಗುತ್ತಿರಲಿಲ್ಲ. ಈ ಜಂಕ್ಷನ್ನಿನಲ್ಲಿ ರೈಲು ಎರಡಾಗುತ್ತದಂತೆ. ಆ ಅರ್ಧ ಒಂದು ಊರಿಗೆ, ಈ ಅರ್ಧ ಇನ್ನೊಂದು ಊರಿಗೆ.

"ಗಾಬರಿಯಾಗಬೇಡಿ. ನಿಮ್ಮ ಪಾಸಿನಲ್ಲಿ ಯಾವ ರೈಲು ಬೇಕಾದರೂ ಹತ್ತಬಹುದು," ಎಂದು ಅವರು ಸಮಾಧಾನ ಹೇಳಿದರು. ನನಗೆ ಕೇಳಿಸಲಿಲ್ಲ. ಪಾಸೇ ಇಲ್ಲದೆ ಇಬ್ಬರು ಪರದೇಶದ ರೈಲಿನಲ್ಲಿ ಹೋಗುತ್ತಿದ್ದರು. ಡಬ್ಬಿ ತುಂಬ ಜನ ಅವರನ್ನೇ ನೋಡುತ್ತಿರುವುದು, ಇಬ್ಬರೂ ಎದ್ದು ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಹೆಂಡತಿಯ ನಂಬರು ಹುಡುಕತೊಡಗಿದೆ.

ಅಷ್ಟರಲ್ಲಿ ಅವಳದ್ದೇ ಫೋನ್ ಬಂತು. "ಇಲ್ಲಿ ಟಿ.ಸಿ. ಬಂದಿದ್ದಾರೆ. ನಿಮ್ಮ ಹತ್ರ ಇರುವ ಟಿ.ಸಿ.ಗೆ ಫೋನ್ ಕೊಡಿ," ಎಂದಳು. ಕೊಟ್ಟೆ. ಇಬ್ಬರು ಟಿ.ಸಿ.ಗಳು ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನನ್ನ ಟಿ.ಸಿ. ಮಧ್ಯೆ ಮಧ್ಯೆ ನನ್ನನ್ನು ನೋಡುತ್ತಿದ್ದರು. ಕೊನೆಗೆ ಉಳಿದ ಎರಡು ಪಾಸಿಗೂ ಯಂತ್ರ ತಾಗಿಸಿ, ಫೈನ್ ಏನೂ ಇಲ್ಲ ಎಂದು ಹೇಳಿ, ನನ್ನ ಕೈ ಕುಲುಕಿ ಇಳಿಸಿಬಿಟ್ಟರು.

ಮುಂದಿನ ರೈಲು ಹಿಡಿದು ಅವರು ಇಳಿದ ಊರಿಗೆ ಹೋದಾಗ ಹೆಂಡತಿ, ಮಗಳು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಪಕ್ಕದಲ್ಲಿ ಕುಸಿದು ಕುಳಿತೆ. "ಟಿ.ಸಿ. ಪಾಸ್ ಕೇಳಿದಾಗ ನೀನು ಎಂತ ಹೇಳಿದ್ದು?"

"ಇದ್ದದ್ದನ್ನೇ ಹೇಳಿದೆ. ನನ್ನ ಗಂಡ ಮೂರು ರೈಲಿನಿಂದ ನಿಮ್ಮನ್ನೇ ಕಾಯ್ತಾ ಇದ್ರು. ಇವತ್ತು ತಡೀಲಿಕ್ಕಾಗದೆ ಹುಡುಕಿಕೊಂಡು ಓಡಿ ಹೋಗಿದ್ದಾರೆ, ಸಿಗ್ಲಿಲ್ವಾ ಅಂತ ಕೇಳಿದೆ."

"ಅದಕ್ಕೆ ಅವರು?"

"ಪಾಪ, ಮನುಷ್ಯ ಹೆದರಿ ಬೆಳ್ಳಗಾಗಿಬಿಟ್ಟರು," ಎಂದಳು ಹೆಂಡತಿ, ಐಸ್‌ಕ್ರೀಮ್ ಮುಗಿಸುತ್ತಾ. "'ಅಯ್ಯೋ, ನನ್ನಿಂದ ಏನು ತಪ್ಪಾಯ್ತು?' ಅಂತ ಕೇಳಿದರು."