ಹಳದಿ ಸೂಜಿ, ಹೊಸ ಮಿಷನ್ನು

ಕಣ್ಣಿನ ಒಳಗಡೆಯ ಫೋಟೋ ತೆಗೆಯುವುದು ನನ್ನ ಕೆಲಸ. ಕಣ್ಣಾಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತದೆ ಎನ್ನುವವರು ಒಂದು ದಿನ ನನ್ನ ಸ್ಟೂಲಿನ ಮೇಲೆ ಕೂತು ನೋಡಬೇಕು. ಬೆಳಿಗ್ಗೆ ಗಂಭೀರವಾಗಿರಬೇಕು ಎಂದುಕೊಂಡೇ ಬರುತ್ತೇನೆ, ಊಟದ ಹೊತ್ತಿಗೆ ಆ ಗಾಂಭೀರ್ಯ ಕೆಟ್ಟು ಹೋಗಿರುತ್ತದೆ.

ನಮ್ಮಲ್ಲಿ ಎರಡು ಥರದ ಪರೀಕ್ಷೆ ಇದೆ. ಹಳೆಯದರಲ್ಲಿ ತೋಳಿನ ನರಕ್ಕೆ ಹಳದಿ ಔಷಧಿ ಚುಚ್ಚಿ, ಅದು ಕಣ್ಣಿನ ರಕ್ತನಾಳದಲ್ಲಿ ಓಡುವಾಗ ಫೋಟೋ ತೆಗೆಯಬೇಕು. ಹೊಸದರಲ್ಲಿ ಸೂಜಿಯಿಲ್ಲ, ಮಿಷನ್ನಿನ ಮುಂದೆ ಗದ್ದ ಇಟ್ಟು ನೋಡಿದರೆ ಸಾಕು, ಕಣ್ಣಿನ ಹಿಂದಿನ ಪರದೆ ಪದರ ಪದರವಾಗಿ ಕಾಣುತ್ತದೆ. ರಕ್ತನಾಳ ಎಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಹಳೆಯದು, ಪರದೆ ಎಷ್ಟು ಊದಿದೆ ಅನ್ನುವುದಕ್ಕೆ ಹೊಸದು ಎನ್ನುತ್ತಾರೆ ನಮ್ಮ ಡಾಕ್ಟರು. ಹಿಂದೂಪುರದಲ್ಲಿ ಎರಡೂ ಇವೆ, ಕಲ್ಯಾಣದುರ್ಗದ ಶಾಖೆಯಲ್ಲಿ ಹಳೆಯದೊಂದೇ. ಎರಡು ಕಡೆಗೂ ಓಡಾಡುವವಳು ನಾನು.

ಒಂದೇ ಪಟ್ಟಿಗೆ ವಾಸಿ

ಕಲ್ಯಾಣದುರ್ಗಕ್ಕೆ ಕುಂದುರ್ಪಿ ಕಡೆಯ ಕುರಿ ಕಾಯುವ ಅಜ್ಜ ಒಬ್ಬ ಬಂದಿದ್ದ. ಹಳದಿ ಸೂಜಿ ಹಾಕಿ ಫೋಟೋ ತೆಗೆದೆ. "ಅಜ್ಜ, ಮೈ ಹಳದಿ ಆಗುತ್ತೆ, ಮೂತ್ರಾನೂ ಹಳದಿ ಬರುತ್ತೆ. ನಾಳೆ ನಾಡಿದ್ದರಲ್ಲಿ ಸರಿಹೋಗುತ್ತೆ, ಹೆದರಬೇಡ" ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿ ಕಳಿಸಿದೆ. ಅಜ್ಜ ಎರಡು ಭಾಷೆಗೂ ತಲೆಯಾಡಿಸಿದ. ಮನೆಗೆ ಹೋಗಿ ಮಾತ್ರ ಯಾರಿಗೂ ಬಾಯಿ ಬಿಡಲಿಲ್ಲ.

ಮನೆಯವರು ಅಜ್ಜನ ಮುಖ ನೋಡಿದರು, ಕಾಮಾಲೆ ಎಂದು ತೀರ್ಮಾನ ಮಾಡಿದರು, ಸೊಪ್ಪಿನ ಔಷಧಿ ಕೊಡುವವನ ಹತ್ತಿರ ಎಳೆದುಕೊಂಡು ಹೋದರು. ಅವನು ತೋಳಿಗೆ ಸೊಪ್ಪು ಅರೆದು ಪಟ್ಟಿ ಕಟ್ಟಿ, ಉಪ್ಪಿಲ್ಲದ ಗಂಜಿ ಕುಡಿಸಿದ. ಎರಡು ದಿನಕ್ಕೆ ಹಳದಿ ಮಾಯ. ಊರೆಲ್ಲ ಅವನ ಕೈಗುಣದ್ದೇ ಮಾತು.

ಮುಂದಿನ ಸಲ ಅಜ್ಜನ ಜೊತೆ ಆ ಔಷಧಿಯವನೇ ಬಂದ. ಜಗಳಕ್ಕೆ ಬಂದನೋ ಏನೋ ಎಂದು ನಾನು ಎದ್ದು ನಿಂತೆ. ಅವನು ಕೈಮುಗಿದು, "ಅಮ್ಮಾ, ಇಂಥ ಕಾಮಾಲೆ ಇನ್ನೂ ಇದ್ರೆ ನನ್ ಕಡೀಕೇ ಕಳ್ಸಿ ಕಣಮ್ಮ. ಬೇರೇವು ಮಾತು ಕೇಳಲ್ಲ, ನಿಮ್ಮವು ಒಂದೇ ಪಟ್ಟಿಗೆ ಇಳಿದೋಯ್ತವೆ" ಎಂದ.

ಅತ್ತೆಗೆ ಸೂಜಿ ಇಲ್ಲ

ಸೋಮಂದೇಪಲ್ಲಿಯಿಂದ ಒಬ್ಬ ತನ್ನ ತಾಯಿಯನ್ನೂ ಹೆಂಡತಿಯನ್ನೂ ಹಿಂದೂಪುರಕ್ಕೆ ಕರೆತಂದಿದ್ದ. ಇಬ್ಬರಿಗೂ ಸಕ್ಕರೆ ಕಾಯಿಲೆ. ಸೊಸೆಯ ಕಣ್ಣಲ್ಲಿ ಸೋರಿಕೆಯ ಅನುಮಾನವಿದ್ದುದರಿಂದ ಹಳದಿ ಸೂಜಿ ಹಾಕಿದೆ. ಅತ್ತೆಗೆ ಹೊಸ ಮಿಷನ್ನೊಂದೇ ಸಾಕಾಗಿತ್ತು. ಗದ್ದ ಇಟ್ಟರು, ಮುಗಿಯಿತು.

"ಅಂತೇನಾ?" ಎಂದರು ಅತ್ತೆ ತೆಲುಗಿನಲ್ಲಿ. ಅಷ್ಟೇ ಅಮ್ಮ ಎಂದೆ. ಕುರ್ಚಿ ಬಿಟ್ಟು ಏಳಲೊಲ್ಲರು. "ಅವಳಿಗೆ ಸೂಜಿ, ನಂಗೆ ಬರೀ ಫೋಟೋನಾ? ನಾನೇನು ಮದುವೆ ಮನೇಗೆ ಬಂದಿದ್ದೀನಾ?"

"ಅಮ್ಮ, ಇದು ಹೊಸದು. ಚುಚ್ಚದೇನೇ ಎಲ್ಲ ಕಾಣುತ್ತೆ. ಖುಷಿಪಡಬೇಕು ನೀವು."

ಆಚೆ ಬೆಂಚಿನ ಮೇಲೆ ಸೊಸೆ ಅರಿಸಿನ ಬಳಿದುಕೊಂಡವಳಂತೆ ಹಳದಿಯಾಗಿ ಕೂತು ಎಳನೀರು ಕುಡಿಯುತ್ತಿದ್ದಳು. ಮಗ ಪಕ್ಕದಲ್ಲಿ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದ. ಅತ್ತೆ ಅದನ್ನು ನೋಡಿದರು, ನನ್ನನ್ನೂ ನೋಡಿದರು. "ಇನ್ಮೇಲೆ ಇಲ್ಲಿಗೆ ಬರಲ್ಲ ಕಣಮ್ಮ. ಕಲ್ಯಾಣದುರ್ಗಕ್ಕೇ ಹೋಯ್ತೀನಿ. ಅಲ್ಲಿ ಹಳೇ ಮಿಷನ್ನು ಐತಂತೆ, ವಯಸ್ಸಾದೋರಿಗೆ ಮರ್ಯಾದೆ ಕೊಡ್ತಾರಂತೆ!"

ರೆಪ್ಪೆ

ಹೊಸ ಮಿಷನ್ನಿನಲ್ಲಿ ರೆಪ್ಪೆ ಬಡಿದರೆ ಫೋಟೋ ಕೆಡುತ್ತದೆ. ಒಬ್ಬ ರೈತನಿಗೆ "ರೆಪ್ಪೆ ಬಡೀಬೇಡಿ" ಎಂದೆ. ಫೋಟೋ ಚೆನ್ನಾಗಿ ಬಂತು, ಆಚೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಬೆಂಚು ಅರ್ಧ ಖಾಲಿ. ಅವನೊಬ್ಬ ಕಣ್ಣು ಕಿಸಿದುಕೊಂಡು, ಕೆನ್ನೆ ಮೇಲೆ ನೀರು ಸುರಿಸುತ್ತಾ ಕೂತಿದ್ದಾನೆ. ಅದನ್ನು ಕಂಡವರು ಒಳಗೇನೋ ಘೋರ ಮಾಡುತ್ತಾರೆಂದು ಚಪ್ಪಲಿ ಹುಡುಕಿಕೊಂಡು ಹೋಗಿದ್ದರು. "ಯಾಕಪ್ಪ ಹಿಂಗೆ ಕೂತಿದ್ದೀರ?" ಎಂದರೆ, "ಬಡೀಬೋದು ಅಂತ ನೀವು ಹೇಳ್ಲೇ ಇಲ್ವಲ್ಲಮ್ಮ!"

ಸೊಟ್ಟ ಅಂಚು

ಹಿಂದೂಪುರದಲ್ಲೇ ಇರುವ ರೇಷ್ಮೆ ಸೀರೆ ನೇಯುವ ಯಜಮಾನರೊಬ್ಬರನ್ನು ಅವರ ಹೆಂಡತಿ ಬಲವಂತವಾಗಿ ಕರೆತಂದರು. ಯಜಮಾನರು ಕೂರುವ ಮೊದಲೇ ಆಕೆ ಶುರು ಮಾಡಿದರು. "ನೋಡಮ್ಮ, ಅಳಿಯ ನಮ್ಮ ಮಗ್ಗದಲ್ಲೇ ನೇಯ್ತಿದ್ದ. ಅಂಚು ಸೊಟ್ಟ, ಅಂಚು ಸೊಟ್ಟ ಅಂತ ಇವರು ಬೈದು ಬೈದು ಓಡಿಸ್ಬುಟ್ರು. ಮಗಳೂ ಅವನ ಹಿಂದೆ ಅವನೂರು ಪರಿಗಿಗೆ ಹೊಂಟೋದ್ಲು. ಹಬ್ಬಕ್ಕೂ ಬರ್ಲಿಲ್ಲ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರು ಗೋಡೆ ನೋಡುತ್ತಾ, "ಸೊಟ್ಟ ಇದ್ದಿದ್ನ ಸೊಟ್ಟ ಅನ್ನದೆ ಏನಂತಾರೆ?" ಎಂದರು.

ಪರದೆ ಪರೀಕ್ಷೆಗೆ ನಮ್ಮಲ್ಲಿ ಚೌಕಳಿ ಗೆರೆಗಳ ಒಂದು ಕಾಗದವಿದೆ. ಒಂದು ಕಣ್ಣು ಮುಚ್ಚಿ ನೋಡಬೇಕು. ಯಜಮಾನರು ತಾವಾಗಿಯೇ ಎಡಗಣ್ಣು ಮುಚ್ಚಿದರು. ಸೀರೆ ಅಂಚು ನೋಡುವುದೂ ಯಾವಾಗಲೂ ಬಲಗಣ್ಣಲ್ಲೇ ಅಂತೆ.

"ಇದನ್ನ ನೇದೋನು ಯಾರು?" ಎಂದು ಗದರಿದರು. "ನಡುವೆ ಹಾಸಿನ ನೂಲು ಸಡಿಲ ಬಿಟ್ಟವ್ನೆ!"

"ಇದು ನೇದಿದ್ದಲ್ಲ ಯಜಮಾನ್ರೇ, ಪ್ರೆಸ್ಸಲ್ಲಿ ಅಚ್ಚಾಗಿದ್ದು."

"ಹಂಗಾದ್ರೆ ನನ್ ಅಳಿಯ ಈಗ ಪ್ರೆಸ್ಸಿಗೆ ಸೇರ್ಕಂಡಿರ್ಬೇಕು."

ಬಲಗಣ್ಣು ಮುಚ್ಚಿಸಿ ಎಡಗಣ್ಣಲ್ಲಿ ನೋಡಿಸಿದೆ. ಗೆರೆಗಳೆಲ್ಲ ನೆಟ್ಟಗೆ. ಕಾಗದ ತಿರುಗಿಸಿ ಹಿಂದೆ ಮುಂದೆ ನೋಡಿ, "ಬೇರೇದು ಕೊಟ್ರಾ?" ಎಂದರು.

ಹೊಸ ಮಿಷನ್ನಿಗೆ ಕೂರಿಸಿದೆ. ಬಲಗಣ್ಣಿನ ಪರದೆಯ ನಡುವೆ ಗುಡ್ಡದ ಹಾಗೆ ಊತ. ಡಾಕ್ಟರು ತೋರಿಸಿ ಹೇಳಿದರು: ಸಕ್ಕರೆಯಿಂದ ಹೀಗಾಗಿದೆ, ನೆಟ್ಟಗಿರುವ ಗೆರೆಯೂ ಸೊಟ್ಟ ಕಾಣುತ್ತದೆ. ಯಜಮಾನರು ಒಪ್ಪಲಿಲ್ಲ. "ಹೊಸಾ ಮಿಷನ್ನು ಸಾರ್, ಇನ್ನೂ ಪಳಗಿಲ್ಲ. ಹಳೇದ್ರಲ್ಲಿ ನೋಡಿ." ಸೋರಿಕೆ ಎಲ್ಲಿದೆಯೆಂದು ಡಾಕ್ಟರಿಗೂ ನೋಡಬೇಕಿತ್ತು. ಹಳದಿ ಸೂಜಿಯೂ ಆಯಿತು. ಹೊಸದು ಊತ ತೋರಿಸಿದ್ದ ಜಾಗದಲ್ಲೇ ಹಳೆಯದು ಸೋರಿಕೆ ತೋರಿಸಿತು.

"ಈಗ ಹೇಳಿ, ಸೊಟ್ಟ ಯಾರು?" ಎಂದರು ಹೆಂಡತಿ.

ಯಜಮಾನರು ಚೌಕಳಿ ಕಾಗದವನ್ನು ಇನ್ನೊಮ್ಮೆ ಒಂದೊಂದೇ ಕಣ್ಣಲ್ಲಿ ನೋಡಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಹುಡುಗನ್ನ ಸುಮ್ಸುಮ್ನೆ ಓಡಿಸ್ಬುಟ್ಟೆ ಕಣಮ್ಮ" ಎಂದರು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೆ ಆಗ ಪಾಪ ಅನ್ನಿಸಿತು. ಮಾರನೇ ದಿನವೇ ಪರಿಗಿಗೆ ಹೋಗಿ, ತಪ್ಪಾಯ್ತು ಎಂದು ಬಾಯಿಬಿಟ್ಟು ಹೇಳಿ, ಮಗಳನ್ನೂ ಅಳಿಯನನ್ನೂ ಮನೆ ತುಂಬಿಸಿಕೊಂಡರಂತೆ.

ಕೆಲವು ತಿಂಗಳು ಕಣ್ಣಿಗೆ ಇಂಜೆಕ್ಷನ್ ನಡೆಯಿತು. ಕೊನೆಯ ಸಲ ಅಳಿಯನೇ ಬೈಕಿನಲ್ಲಿ ಕರೆತಂದ. ಅವನನ್ನು ಆಚೆ ಕೂರಿಸಿ ಯಜಮಾನರ ಕಣ್ಣನ್ನು ಮಿಷನ್ನಿನಲ್ಲಿ ನೋಡಿದೆ. ಊತ ಇಳಿದಿತ್ತು. ಚೌಕಳಿ ಕಾಗದ ಕೊಟ್ಟೆ. ಎರಡು ಕಣ್ಣಿಗೂ ಗೆರೆ ನೆಟ್ಟಗೆ. ನನಗೇ ಹಿಗ್ಗಾಯಿತು.

"ವಾಸಿಯಾಯ್ತು ಯಜಮಾನ್ರೇ! ತಡೀರಿ, ನಿಮ್ಮ ಅಳಿಯನ್ನ ಕರೆದು ಹೇಳ್ತೀನಿ."

ಯಜಮಾನರು ಗಬಕ್ಕನೆ ನನ್ನ ಕೈ ಹಿಡಿದರು. "ಬ್ಯಾಡ ತಾಯಿ! ಮೊನ್ನೆ ಅವ್ನು ನೇದ ಸೀರೆ ನೋಡ್ದೆ. ಎಡಗಣ್ಣಲ್ಲಿ ನೋಡ್ದೆ, ಬಲಗಣ್ಣಲ್ಲಿ ನೋಡ್ದೆ, ಕನ್ನಡಕ ಹಾಕ್ಕಂಡು ನೋಡ್ದೆ. ಅಂಚು ಸೊಟ್ಟಾನೇ ಐತೆ ಕಣಮ್ಮ!"

ನಗು ತಡೆಯಲಾಗದೆ ಮಿಷನ್ನಿನ ಹಿಂದೆ ಮುಖ ಮುಚ್ಚಿಕೊಂಡೆ. "ಅವನಿಗೆ ಹೇಳಿದ್ರಾ?"

"ಹೇಳಿದ್ರೆ ಮಗಳು ಮತ್ತೆ ಪರಿಗಿ ಬಸ್ಸು ಹತ್ತಲ್ವಾ?"

ಅಷ್ಟರಲ್ಲಿ ಅಳಿಯ ಬಾಗಿಲಲ್ಲಿ ಇಣುಕಿದ. "ಮಾವ, ಕಣ್ಣು ಹೆಂಗೈತಂತೆ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಅಂದರು: "ಇನ್ನೂ ಚೂರು ಸೊಟ್ಟ ಕಾಣ್ತೈತೆ ಕಣಪ್ಪ. ಇನ್ನು ಅಷ್ಟೇ ಅಂತೆ, ನೆಟ್ಟಗಾಗಲ್ವಂತೆ. ನೀನು ನೇಯ್ತಾ ಇರು."